ಕೇಳುವ ಮುಂಚೆ ಕೋಡಿಗೆ ಸ್ವಲ್ಪ ಕತ್ತರಿ ಹಾಕಿ

'ನನ್ನ ಕೋಡ್ ವರ್ಕ್ ಆಗ್ತಿಲ್ಲ, ಅರ್ಜೆಂಟ್, ಪ್ಲೀಸ್ ಹೆಲ್ಪ್.' ಪ್ರಶ್ನೆ ಇಷ್ಟೇ. ಜೊತೆಗೆ ಮೊಬೈಲ್ ಓರೆಯಾಗಿ ಹಿಡಿದು ತೆಗೆದ ಸ್ಕ್ರೀನಿನ ಫೋಟೊ. ಲೈಟಿನ ಹೊಳಪು ಸರಿಯಾಗಿ ಎರರ್ ಮೇಲೆಯೇ ಬಿದ್ದಿರುತ್ತದೆ! ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರ ಪ್ರಶ್ನೆಗಳಿಗೆ ಬಿಡುವಿದ್ದಾಗ ಉತ್ತರ ಬರೆಯುವುದು ನನಗೆ ಇಷ್ಟದ ಕೆಲಸ. ಆದರೆ ಇದಕ್ಕೆ ಏನಂತ ಬರೆಯಲಿ? ಫೋಟೊದಲ್ಲಿರುವ ಕೋಡನ್ನು ಓಡಿಸಿ ನೋಡೋಕೆ ಆಗಲ್ಲ ಅಲ್ವಾ.

ಕೋಡನ್ನೂ ಎರರನ್ನೂ ಅಕ್ಷರವಾಗಿಯೇ ಪೇಸ್ಟ್ ಮಾಡಿ. ಎರರ್ ಪೂರ್ತಿ ಇರಲಿ. ಟ್ರೇಸ್‌ಬ್ಯಾಕ್ (ಎರರ್ ಯಾವ ಯಾವ ಸಾಲು ದಾಟಿ ಬಂತು ಅನ್ನುವ ವರದಿ) ಉದ್ದ ಇದೆ ಅಂತ ಎಷ್ಟೋ ಜನ ಮೊದಲ ಎರಡು ಸಾಲು ಹಾಕಿ ಸುಮ್ಮನಾಗುತ್ತಾರೆ. ಪೈಥಾನಿನಲ್ಲಿ ಏನು ತಪ್ಪಾಯಿತು ಅನ್ನೋದು ಇರುವುದೇ ಕೊನೆಯ ಸಾಲಿನಲ್ಲಿ. ವರ್ಷನ್ ಯಾವುದು ಅಂತಲೂ ಹೇಳಿ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿದೆ. ಆದರೂ ಹಳೇ ಪಾಠ ನೋಡಿಕೊಂಡು, ಪೈಥಾನ್ 3ರಲ್ಲೂ ಬ್ರಾಕೆಟ್ ಇಲ್ಲದೆ ಪ್ರಿಂಟ್ ಬರೆದು ಒದ್ದಾಡುವವರು ಇನ್ನೂ ಸಿಗುತ್ತಾರೆ.

ನಾನು ಜಾಸ್ತಿ ಒತ್ತಿ ಹೇಳುವುದು ಕತ್ತರಿಸುವ ಕೆಲಸದ ಬಗ್ಗೆ. ಮುನ್ನೂರು ಸಾಲಿನ ಕೋಡನ್ನು ಹಾಗೇ ಸುರಿಯಬೇಡಿ. ಫೈಲಿನ ಕಾಪಿ ಮಾಡಿಕೊಳ್ಳಿ. ಲಾಗಿನ್ ಭಾಗ ತೆಗೆಯಿರಿ, ಓಡಿಸಿ. ಅದೇ ಎರರ್ ಬಂತಾ? ಡೇಟಾಬೇಸ್ ತೆಗೆದು ಅದರ ಜಾಗದಲ್ಲಿ ಮೂರು ಹೆಸರಿನ ಒಂದು ಲಿಸ್ಟ್ ಇಡಿ, ಮತ್ತೆ ಓಡಿಸಿ. ಏನೋ ತೆಗೆದ ತಕ್ಷಣ ಎರರ್ ಮಾಯವಾದರೆ ಇನ್ನೂ ಒಳ್ಳೆಯದು, ಈಗಷ್ಟೇ ತೆಗೆದದ್ದರ ಮೇಲೆ ಕಣ್ಣಿಡಿ. ಹೀಗೆ ಕತ್ತರಿಸುತ್ತಾ ಹೋದರೆ ಎಷ್ಟೋ ಸಲ ಕೊನೆಗೆ ಉಳಿಯುವುದು ಮೂರೇ ಸಾಲು: ಒಂದು ಲಿಸ್ಟ್, ಅದಕ್ಕೆ ಸಾರ್ಟ್ (ಕ್ರಮವಾಗಿ ಜೋಡಿಸುವ ಆಜ್ಞೆ) ಮಾಡಿ ಬಂದದ್ದನ್ನು ಹೊಸ ವೇರಿಯಬಲ್‌ಗೆ ಹಾಕಿದ್ದು, ಅದರ ಮೊದಲ ಹೆಸರು ಪ್ರಿಂಟ್ ಮಾಡಿದ್ದು. ಎರರ್ ಏನು? 'ನನ್‌ಟೈಪ್ ಆಬ್ಜೆಕ್ಟ್ ಈಸ್ ನಾಟ್ ಸಬ್‌ಸ್ಕ್ರಿಪ್ಟಬಲ್'. ಮುನ್ನೂರು ಸಾಲಿನ ನಡುವೆ ಇದು ಒಗಟು. ಮೂರು ಸಾಲಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಲಿಸ್ಟಿನ ಸಾರ್ಟ್ ಇದ್ದ ಲಿಸ್ಟನ್ನೇ ಜೋಡಿಸುತ್ತದೆ, ವಾಪಸ್ ಕೊಡುವುದು ಮಾತ್ರ ನನ್ (None), ಅಂದರೆ 'ಏನೂ ಇಲ್ಲ'. ಏನೂ ಇಲ್ಲದ್ದರಿಂದ ಮೊದಲ ಹೆಸರು ಎಲ್ಲಿಂದ ಬರಬೇಕು? ಹೊಸ ಲಿಸ್ಟ್ ಬೇಕಿದ್ದರೆ ಸಾರ್ಟೆಡ್ ಬಳಸಬೇಕು. ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಜನಕ್ಕೆ ಪ್ರಶ್ನೆ ಕೇಳುವ ಅಗತ್ಯವೇ ಇರಲ್ಲ. ಕೇಳಿದರೂ ಉತ್ತರ ಕೊಡುವವರಿಗೆ ಎರಡು ನಿಮಿಷದ ಕೆಲಸ.

ಒಂದು ಎಚ್ಚರಿಕೆ. ಕತ್ತರಿಸಿದ ಮೇಲೆ ಓಡಿಸದೆ ಕಳಿಸಬೇಡಿ. ನೆನಪಿನಿಂದ ಟೈಪ್ ಮಾಡಲೂ ಬೇಡಿ. ಅಸಲಿ ತಪ್ಪು ಬಿಟ್ಟುಹೋಗಿ ಹೊಸ ತಪ್ಪು ಸೇರಿಕೊಳ್ಳುತ್ತದೆ, ನಾವೆಲ್ಲ ಅದರ ಹಿಂದೆ ಓಡುತ್ತೇವೆ.

ಇನ್ನೊಂದು ತಮಾಷೆ ನೋಡಿ. 'ಸ್ಟ್ರಿಂಗಿನ (ಅಕ್ಷರಗಳ ಸಾಲಿನ) ಕೊನೆಯ ಮೂರು ಅಕ್ಷರ ಮಾತ್ರ ಪಡೆಯುವುದು ಹೇಗೆ?' ಅಂತ ಕೇಳುತ್ತಾರೆ. ಸುಲಭದ ಪ್ರಶ್ನೆ, ಯಾರೋ ಉತ್ತರ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ದೂರು: 'ಜೆಪೆಗ್ ಫೈಲಿಗೆ ಬರೀ ಪೆಗ್ ಅಂತ ಬರ್ತಿದೆ.' ಅವರಿಗೆ ಬೇಕಿದ್ದದ್ದು ಫೈಲಿನ ಎಕ್ಸ್‌ಟೆನ್ಷನ್, ಅಂದರೆ ಹೆಸರಿನ ಕೊನೆಗೆ ಚುಕ್ಕೆಯ ನಂತರ ಬರುವ ಭಾಗ! ಅದಕ್ಕೆ ಪೈಥಾನಿನಲ್ಲೇ ಸ್ಪ್ಲಿಟ್‌ಎಕ್ಸ್‌ಟ್ ಇದೆ. ನೀವು ಹುಡುಕಿಕೊಂಡ ದಾರಿ ಕೇಳಿ, ಬೇಡ ಅನ್ನಲ್ಲ. ಜೊತೆಗೆ ಎಲ್ಲಿಗೆ ಹೋಗಬೇಕಿದೆ ಅನ್ನೋದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಯನ್ನು ಕೋಡಿನಿಂದ ಬಳಸಲು ಕೊಡುವ ಗುಟ್ಟಿನ ಸಂಕೇತ) ಕೋಡಿನಲ್ಲಿ ಉಳಿದಿವೆಯಾ ನೋಡಿ. ಒಮ್ಮೆ ಹೊರಗೆ ಬಂದ ಕೀಯನ್ನು ಅಳಿಸಿದರೆ ಸಾಲದು, ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಸರಿ ಹೋದ ಮೇಲೆ 'ಸಾಲ್ವ್ ಆಯ್ತು, ಥ್ಯಾಂಕ್ಸ್' ಅಂತ ಬರೆದು ಮಾಯವಾಗುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಹೇಗೆ ಆಯ್ತು ಮಾರಾಯ್ರೆ? ಅದೇ ಎರರ್ ಹಿಡಿದು ಹುಡುಕುತ್ತಾ ನಾಳೆ ಇನ್ನೊಬ್ಬರು ಅಲ್ಲಿಗೇ ಬರುತ್ತಾರೆ. 'ಸಾರ್ಟ್ ಬದಲು ಸಾರ್ಟೆಡ್ ಹಾಕಿದೆ' ಅಂತ ಬರೆದಿದ್ದರೂ ಅವರ ಕೆಲಸ ಮುಗಿಯುತ್ತಿತ್ತು.