ಪುಟ್ಟ ಲೋಳೆಸರಗಳಿಗೆ ಮೊದಲು ಬೇಕಾದ್ದು ನೀರು ಇಳಿಯುವ ದಾರಿ

ಕಡೂರು, ಅರಸೀಕೆರೆ ಕಡೆಯ ಅಂಗಳಕ್ಕೆ ಪುಟ್ಟ ಅಲೋ, ಅಂದರೆ ಲೋಳೆಸರದ ಗಿಡಗಳು ಹೇಳಿ ಮಾಡಿಸಿದಂತಿವೆ. ಅದೇ ಗಿಡ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಬೇಸಿಗೆಯನ್ನು ಆರಾಮಾಗಿ ಕಳೆದು, ಮಳೆಗಾಲದಲ್ಲಿ ಕೊಳೆತು ಹೋಗುತ್ತದೆ. ಅದಕ್ಕೇ ನೀರು ಹಾಕುವ ಲೆಕ್ಕಕ್ಕಿಂತ ನೀರು ಇಳಿದುಹೋಗುವ ದಾರಿಯನ್ನು ಮೊದಲು ನೋಡಿ.

ಮಡಿಯನ್ನು ನೆಲದಿಂದ ಒಂದಡಿ ಎತ್ತರಿಸಿ, ಒಂದು ಬದಿಗೆ ಇಳಿಜಾರು ಕೊಡಿ. ಮಣ್ಣಿಗೆ ದಪ್ಪ ಮರಳು ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅರ್ಧ ಪಾಲು. ಎಂ ಸ್ಯಾಂಡ್ ಆದರೆ ತೊಳೆದು ಬಳಸಿ. ಅದರ ದೂಳು ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಗುತ್ತದೆಂದು ತೆಂಗಿನ ನಾರಿನ ಪುಡಿ ಸುರಿಯಬೇಡಿ, ಅದು ಸ್ಪಂಜಿನಂತೆ ನೀರು ಹಿಡಿಯುತ್ತದೆ. ಕುಂಡದ ತಳಕ್ಕೆ ಜಲ್ಲಿ ತುಂಬುವ ರೂಢಿಯೂ ಬೇಡ. ನೀರು ಜಲ್ಲಿಗೆ ಇಳಿಯದೆ ಅದರ ಮೇಲಿನ ಮಣ್ಣಿನಲ್ಲೇ ನಿಂತು, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜಲ್ಲಿಯನ್ನು ಮಣ್ಣಿನ ಮೇಲೆ ಒಂದು ಇಂಚು ಹರಡಿ. ಗಿಡದ ಕುತ್ತಿಗೆ ಒಣಗಿರುತ್ತದೆ.

ಪುಟ್ಟ ಅಲೋಗಳಲ್ಲಿ ಹಲವು ಜಾತಿಗಳಿವೆ. ಮಲೆನಾಡಿನವರು ಜುವೆನ್ನಾ ಎಂಬ ಜಾತಿಯಿಂದ ಶುರುಮಾಡಿ, ಸ್ವಲ್ಪ ತಪ್ಪಿದರೂ ತಾಳಿಕೊಳ್ಳುತ್ತದೆ. ಅರಿಸ್ಟಾಟಾ, ಹ್ಯುಮಿಲಿಸ್ ಬಯಲುಸೀಮೆಗೆ ಚೆನ್ನ. ಮೂರು ಸಾಲಿನಲ್ಲಿ ಬಿಳಿ ಪಟ್ಟೆಯ ಎಲೆ ಬಿಡುವ ವೇರಿಗೇಟಾ ಬಹಳ ಚೆಂದ, ಆದರೆ ಒದ್ದೆ ಬೇರನ್ನು ಸಹಿಸುವುದಿಲ್ಲ. ಅದನ್ನು ಕುಂಡದಲ್ಲಿಟ್ಟು ಸೂರಿನಡಿಯೇ ಸಾಕಿ. ಅದರ ತವರಾದ ದಕ್ಷಿಣ ಆಫ್ರಿಕಾದಲ್ಲೂ ಅದು ಪೊದೆಗಳ ನೆರಳಲ್ಲೇ ಬೆಳೆಯುವ ಗಿಡ. ಮಧ್ಯಾಹ್ನದ ಉರಿಬಿಸಿಲು ಬೇಡ.

ಮಾರ್ಚ್‌ನಿಂದ ಮೇವರೆಗೆ ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಇಪ್ಪತ್ತು ದಿನಕ್ಕೊಮ್ಮೆ ನೀರು ಸಾಕು. ಆದರೂ ದಿನ ಎಣಿಸುವುದಕ್ಕಿಂತ ಒಂದು ಕಡ್ಡಿಯನ್ನು ಮೂರಿಂಚು ಚುಚ್ಚಿ ತೆಗೆದು ನೋಡುವುದೇ ನಂಬಿಕಸ್ಥ. ಮಣ್ಣು ಅಂಟಿದ್ದರೆ ಕೈ ಕಟ್ಟಿಕೊಂಡಿರಿ. ಮೃಗಶಿರ ಮಳೆ ಹಿಡಿಯುವ ಮೊದಲೇ ಮಡಿಯ ಮೇಲೆ ಪಾರದರ್ಶಕ ಶೀಟನ್ನು ಓರೆಯಾಗಿ ಕಟ್ಟಿ, ಗಾಳಿಯಾಡಲು ನಾಲ್ಕೂ ಬದಿ ತೆರೆದಿಡಿ.

ಎಲೆ ತೆಳುವಾಗಿ ಒಳಗೆ ಮಡಚಿದರೆ ಬಾಯಾರಿಕೆ. ಕೆಂಪಾಗಿ ಗಟ್ಟಿಯಾಗಿದ್ದರೆ ಬಿಸಿಲಿನ ಬಣ್ಣ, ಹೆದರಬೇಕಿಲ್ಲ. ಬುಡದ ಎಲೆ ಗಾಜಿನಂತೆ ನೀರುನೀರಾಗಿ, ಮುಟ್ಟಿದೊಡನೆ ಕಳಚಿ ಬಂದರೆ ಆ ದಿನವೇ ಗಿಡ ಕೀಳಿ. ಕೊಳೆತ ಬೇರನ್ನು ಎಳೆದರೆ ಸಿಪ್ಪೆ ಜಾರಿ, ಒಳಗಿನ ದಾರ ಮಾತ್ರ ಉಳಿಯುತ್ತದೆ. ಕಾಂಡದಲ್ಲಿ ಕಂದು ಬಣ್ಣ ಕಾಣದ ತನಕ ಚೊಕ್ಕ ಚಾಕುವಿನಿಂದ ಕತ್ತರಿಸಿ, ನೆರಳಲ್ಲಿ ಒಂದು ವಾರ ಒಣಗಿಸಿ, ಒಣ ಮರಳಿನ ಮೇಲೆ ಕೂರಿಸಿ. ಎಲೆಗಳ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ.

ಮರಿ ಬಿಡಿಸಲು ಮಳೆ ಮುಗಿದ ನವೆಂಬರ್ ಒಳ್ಳೆಯದು. ಎರಡು ಇಂಚಾದರೂ ಬೆಳೆದ ಮರಿಯನ್ನು ಬೇರಿನ ಸಮೇತ ತೆಗೆದು, ಗಾಯವನ್ನು ನಾಲ್ಕು ದಿನ ಆರಿಸಿ ನೆಡಿ. ಮೊದಲ ನೀರು ಒಂದು ವಾರದ ಮೇಲೆ.