ಹಸಿರು ಮೈಬಣ್ಣದ ಗಂಡಸರು

2020ರ ಅಕ್ಟೋಬರ್. ಮನೇಲೇ ಕೂತು ಕೂತು ತಲೆ ಕೆಟ್ಟಿತ್ತು, ನ್ಯೂಯಾರ್ಕಿನ ನ್ಯೂ ಮ್ಯೂಸಿಯಂ ಮತ್ತೆ ತೆರೆದಿದೆ ಅಂತ ಗೊತ್ತಾಗಿ ಟಿಕೆಟ್ ಬುಕ್ ಮಾಡಿ ಹತ್ತು ವರ್ಷದ ಮಗಳನ್ನ ಕರ್ಕೊಂಡು ನ್ಯೂಜೆರ್ಸಿಯಿಂದ ಟ್ರೇನ್ ಹತ್ತಿದೆ. ನೋಡಕ್ಕೆ ಹೋಗಿದ್ದು ಜೋರ್ಡನ್ ಕ್ಯಾಸ್ಟೀಲ್ ಅನ್ನೋ ಕಲಾವಿದೆಯ ಚಿತ್ರಗಳನ್ನ. ಹುಟ್ಟಿದ್ದು 1989ರಲ್ಲಿ, ನನಗಿಂತ ಚಿಕ್ಕವಳು. ಫೆಬ್ರವರಿಲಿ ಶುರುವಾಗಿ ತಿಂಗಳು ತುಂಬೋದ್ರೊಳಗೆ ಕೊರೋನಾದಿಂದ ಬಾಗಿಲು ಹಾಕಿದ್ದ ಪ್ರದರ್ಶನ ಅದು.

ಒಂದು ಕಡೆ ಬರೀ ಗಂಡಸರು. ಆಳೆತ್ತರದ ಕ್ಯಾನ್ವಾಸು, ತಮ್ಮ ತಮ್ಮ ಮನೇಲಿ ಕೂತಿದಾರೆ, ಮೈಮೇಲೆ ಬಟ್ಟೆ ಇಲ್ಲ, ಆದ್ರೆ ಕಾಣಬಾರದ್ದು ಕಾಣದ ಹಾಗೆ ಕೂತಿದಾರೆ, ನೇರ ನಮ್ಮನ್ನೇ ನೋಡ್ತಿದಾರೆ. ನಂಗೆ ಮುಜುಗರ ಆಗಿ ಮಗಳ ಕೈ ಎಳೆದೆ, ಅವಳು ಕದಲಲಿಲ್ಲ. "ಅಮ್ಮಾ, ಇವರೆಲ್ಲಾ ಬ್ಲ್ಯಾಕ್ ಅಂದ್ಯಲ್ಲಾ, ಮೈ ಯಾಕೆ ಗ್ರೀನ್?"

ಹೌದು, ಒಬ್ಬರು ಹಸಿರು, ಒಬ್ಬರು ನೀಲಿ, ಇನ್ನೊಬ್ಬರು ನೇರಳೆ. ನಂಗೆ ತೋಚಿದ್ದು ಹೇಳ್ದೆ, ಕಪ್ಪು ಅಂತ ಒಂದು ಸಲ ಕಂಡ್ರೆ ಸಾಕು ಜನ ಅಲ್ಲಿಗೇ ನೋಡೋದು ನಿಲ್ಲಿಸ್ಬಿಡ್ತಾರೆ ಪುಟ್ಟಿ, ಹಸಿರು ಬಳಿದ್ರೆ ಹಂಗೆ ಹೋಗಕ್ಕಾಗಲ್ಲ, ಕಣ್ಣು, ಬೆರಳು, ಕೂತಿರೋ ಸೋಫಾ ಎಲ್ಲಾ ನೋಡ್ಬೇಕಾಗುತ್ತೆ. 2012ರಲ್ಲಿ ಫ್ಲೋರಿಡಾದಲ್ಲಿ ಅಂಗಡಿಗೆ ಹೋಗಿ ವಾಪಸ್ ಬರ್ತಿದ್ದ ಟ್ರೇವಾನ್ ಮಾರ್ಟಿನ್ ಅನ್ನೋ ಕಪ್ಪು ಹುಡುಗನ್ನ ಗುಂಡಿಟ್ಟು ಕೊಂದಿದ್ದು, ಕೊಂದವನು ಮರುವರ್ಷ ಕೋರ್ಟಲ್ಲಿ ಬಿಡುಗಡೆ ಆಗಿದ್ದು, ಆಗ ಯೇಲ್ ಯೂನಿವರ್ಸಿಟಿಲಿ ಓದ್ತಿದ್ದ ಕ್ಯಾಸ್ಟೀಲ್, ಅವಳಿ ಸೋದರ ಇರೋಳು, ಕಪ್ಪು ಗಂಡಸರನ್ನ ಒಬ್ಬ ಅಕ್ಕನೋ ತಂಗಿನೋ ಮನೇಲಿ ನೋಡೋ ಹಾಗೆ ತೋರಿಸ್ಬೇಕು ಅಂತ ಇವನ್ನ ಬರೆದಿದ್ದು, ಅದನ್ನೂ ಹೇಳ್ದೆ. "ಆ ಹುಡುಗಂಗೆ ಎಷ್ಟು ವರ್ಷ?" ಅಂದ್ಲು. ಹದಿನೇಳು ಅಂದೆ. "ದೊಡ್ಡಮ್ಮನ ಮನೆ ಅಣ್ಣನಷ್ಟೇನಾ?" ಅಂತ ಕೇಳಿ ಸುಮ್ನಾದ್ಲು.

ನಾನೂ ಕಪ್ಪು. 'ಕಪ್ಪಾದ್ರೂ ಲಕ್ಷಣವಾಗಿದಾಳೆ' ಅನ್ನೋ ಮಾತು ಕೇಳ್ಕೊಂಡೇ ಬೆಳೆದೆ, ಬಿಸಿಲಿಗೆ ಹೋಗ್ಬೇಡ ಅಂತ ಬೈಸ್ಕೊಂಡು, ಕಡಲೆಹಿಟ್ಟು ಅರಿಶಿನ ಬಳ್ಕೊಂಡು, ಬಣ್ಣ ನೋಡಿ ವಾಪಸ್ ಹೋದ ಎರಡು ಸಂಬಂಧ ಇನ್ನೂ ನೆನಪಿದೆ. ಅದಕ್ಕೇ ಈ ಜನರ ನೋವು ನಂಗೆ ಅರ್ಥ ಆಗುತ್ತೆ ಅಂತ ಅಂದ್ಕೊಂಡಿದ್ದೆ. ಇಲ್ಲ. ನನ್ನ ಬಣ್ಣಕ್ಕೆ ಸಂಬಂಧ ತಪ್ಪಿತು ಅಷ್ಟೇ, ಅಂಗಡಿಗೆ ಹೋದ ನಮ್ಮನೆ ಹುಡುಗ ವಾಪಸ್ ಬರ್ತಾನೋ ಇಲ್ವೋ ಅಂತ ನಮ್ಮಮ್ಮ ಯಾವತ್ತೂ ಬಾಗಿಲಲ್ಲಿ ನಿಂತಿಲ್ಲ.

ಆಮೇಲೆ ನ್ಯೂಯಾರ್ಕಲ್ಲಿ ಕಪ್ಪು ಜನರ ಬಡಾವಣೆ ಅಂತಲೇ ಹೆಸರಾದ ಹಾರ್ಲೆಮ್ಮಿನ ರಾತ್ರಿ ಚಿತ್ರಗಳು, ಅಂಗಡಿ ದೀಪದ ಬೆಳಕಲ್ಲಿ ಫುಟ್‌ಪಾತಲ್ಲಿ ಕೂತವರು. 2015ರಲ್ಲಿ ಅಲ್ಲಿನ ಸ್ಟುಡಿಯೋ ಮ್ಯೂಸಿಯಮ್ಮಿನಲ್ಲಿ ಕಲಾವಿದೆಯಾಗಿ ಇದ್ದಾಗ ಕ್ಯಾಸ್ಟೀಲ್ ಬೀದಿಲಿ ಗುರುತಿಲ್ಲದವರನ್ನ ಮಾತಾಡ್ಸಿ, ಕೇಳಿ ಫೋಟೋ ತೆಗೆದು, ಅದನ್ನ ನೋಡ್ಕೊಂಡು ಬರೆಯೋಕೆ ಶುರು ಮಾಡಿದ್ದು. ನಾನೂ ಒಂದು ಸಂಜೆ ಅದೇ ಹಾರ್ಲೆಮ್ಮಿನ 125ನೇ ಬೀದಿಲಿ ನಡೆದಿದೀನಿ. ಬ್ಯಾಗನ್ನ ಎದೆಗೆ ಅವಚ್ಕೊಂಡು, ಯಾರ ಮುಖಾನೂ ನೋಡದೆ, ಸರಸರ ಅಂತ. ಅಲ್ಲಿ ಯಾರೂ ನನಗೇನೂ ಮಾಡಿರಲಿಲ್ಲ. ಅದನ್ನ ಮಗಳಿಗೆ ಹೇಳ್ಬೇಕು ಅನ್ನಿಸ್ತು, ಬಾಯಿ ಬರಲಿಲ್ಲ.

ಮಧ್ಯಾಹ್ನ ಹೈಲೈನ್ ಪಾರ್ಕಿಗೆ ಹೋದ್ವಿ, 22ನೇ ಬೀದಿ ಹತ್ರ ಕಟ್ಟಡದ ಗೋಡೆ ಮೇಲೆ ಕ್ಯಾಸ್ಟೀಲ್‌ದೇ ಚಿತ್ರ 'ದಿ ಬಾಯ್‌ಫಾಲ್ಸ್'. ಸ್ಟುಡಿಯೋ ಮ್ಯೂಸಿಯಂ ಎದುರಿಗೆ ಟೋಪಿ ಮಾರ್ತಿದ್ದ ಹೆಂಗಸು, ಪಕ್ಕದಲ್ಲಿ ಸೆನೆಗಲ್‌ನಿಂದ ಬಂದ ಅವಳ ಸೋದರ. ತುಂಬಾ ಹೊತ್ತು ನಿಂತಿದ್ದೆ. ಅಲ್ಲೇ ಮಗಳಿಗೆ ಆ ಸಂಜೆ ವಿಷ್ಯ ಹೇಳ್ದೆ. "ನೀನ್ಯಾಕಮ್ಮಾ ಹೆದರ್ದೆ?" ಅಂದ್ಲು. ಗೊತ್ತಿಲ್ಲ ಕಣೇ ಅಂದೆ.

ಮಾರನೇ ದಿನ ಬೆಳಗ್ಗೆ ಮಂಡ್ಯಕ್ಕೆ ವಿಡಿಯೋ ಕಾಲ್ ಮಾಡ್ದಾಗ ಅವಳೇ ಅಜ್ಜಿಗೆ ಫೋಟೋ ತೋರ್ಸಿದ್ಲು.

"ಇದ್ಯಾರೇ, ಗೋಡೆ ತುಂಬಾ?"

"ಟೋಪಿ ಮಾರೋರು ಅಜ್ಜಿ."

ಅಮ್ಮ ಕನ್ನಡಕ ಹುಡುಕಿ ಹಾಕ್ಕೊಂಡ್ಲು. "ಒಸಿ ದೊಡ್ಡದು ಮಾಡು ಮಗ, ಮುಖ ಸರಿಯಾಗಿ ಕಾಣ್ತಿಲ್ಲ."