ನಿಧಾನವಾಗಿ ಹೇಳುವುದೂ ಎಳೆದು ಹೇಳುವುದೂ

ಕಳೆದ ಮಳೆಗಾಲದಲ್ಲಿ ಹಿತ್ತಲಿನ ನುಗ್ಗೆಮರ ಗಾಳಿಗೆ ಉರುಳಿದಾಗ, ಎಂಬತ್ತು ದಾಟಿದ ನಮ್ಮ ತಂದೆಯವರಿಗೆ ಆ ಸುದ್ದಿ ಮುಟ್ಟಿಸಲು ನಾನು ಮೂರು ಸಲ ಹೇಳಬೇಕಾಯಿತು. ಮೊದಲ ಸಲ ಎಂದಿನಂತೆ ಹೇಳಿದೆ, ಎರಡನೆಯ ಸಲ ಕೂಗಿದೆ, ಮೂರನೆಯ ಸಲ ಒಂದೊಂದು ಅಕ್ಷರವನ್ನೂ ಎಳೆದೆಳೆದು "ಮ...ರ ಬಿ...ತ್ತು" ಎಂದೆ. ಅವರು ಗಾಬರಿಯಿಂದ ಎದ್ದು ಕುಳಿತು, "ಯಾವ ಮಾರ? ಪೆಟ್ಟು ಜೋರಾಗಿ ಆಯ್ತೇನಮ್ಮಾ?" ಎಂದು ಕೇಳಿದರು. ಅವರ ಕಾಲದಲ್ಲಿ ಊರಿನಲ್ಲಿ ಆ ಹೆಸರಿನವರಿಗೆ ಬರವಿರಲಿಲ್ಲವಂತೆ.

ತಪ್ಪು ಅವರ ಕಿವಿಯದಲ್ಲ, ನನ್ನದು. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಅದು ನಿಧಾನವಾದ ಹ್ರಸ್ವವಾಗುವುದಿಲ್ಲ, ದೀರ್ಘವೇ ಆಗಿಬಿಡುತ್ತದೆ. ಮರ ಮಾರನಾಗುತ್ತಾನೆ, ಬಿಡು ಬೀಡಾಗುತ್ತದೆ. ವ್ಯಂಜನದ ಮೇಲೆ ತುಸು ಹೆಚ್ಚು ಹೊತ್ತು ನಿಂತರೆ ಒತ್ತಕ್ಷರ ಹುಟ್ಟಿ, ಕತೆ ಕತ್ತೆಯಾಗುತ್ತದೆ. ಕಾಲದ ಅಳತೆಯಿಂದಲೇ ಅರ್ಥ ಬೇರೆಯಾಗುವ ಭಾಷೆಯಲ್ಲಿ ಆ ಅಳತೆಯನ್ನೇ ಕೆಡಿಸಿ, ಅರ್ಥವಾಗಲಿಲ್ಲವೇ ಎಂದು ಸಿಡುಕಿದವಳು ನಾನು.

ಕೂಗುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ ಎಂಬುದು ಅವರಿಗೆ ಕಿವಿಯ ಮಿಷನ್ ಹಾಕಿಸಿದಾಗ ತಿಳಿಯಿತು. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎತ್ತರದ ಕಂಪನಾಂಕಗಳಿಂದ ಶುರುವಾಗುತ್ತದೆ. ಸ, ಶ, ತ, ಚ ಮುಂತಾದ ವ್ಯಂಜನಗಳನ್ನು ಗುರುತಿಸುವ ಸುಳಿವುಗಳು ಹೆಚ್ಚಾಗಿ ಅಲ್ಲಿರುತ್ತವೆ, ಸ್ವರಗಳ ಬಲವೆಲ್ಲ ಕೆಳಗಿರುತ್ತದೆ. ಕೂಗಿದಾಗ ಉಬ್ಬುವುದು ಮುಖ್ಯವಾಗಿ ಸ್ವರಗಳೇ ಆದ್ದರಿಂದ, ಕೇಳುವವರಿಗೆ ಗದ್ದಲ ಹೆಚ್ಚುತ್ತದೆಯೇ ಹೊರತು ಪದ ತಿಳಿಯಾಗುವುದಿಲ್ಲ.

ಯಂತ್ರಗಳಿಗೂ ಈ ತೊಡಕು ತಪ್ಪಿಲ್ಲ. ಹಳೆಯ ಟೇಪ್ ರೆಕಾರ್ಡರನ್ನು ಅರ್ಧ ವೇಗದಲ್ಲಿ ಓಡಿಸಿದರೆ ಧ್ವನಿ ಒಂದು ಸ್ಥಾಯಿ ಕೆಳಗಿಳಿದು, ಹೆಂಗಸಿನ ಮಾತೂ ಯಕ್ಷಗಾನದ ಬಣ್ಣದ ವೇಷದ ಅಬ್ಬರದಂತೆ ಕೇಳುತ್ತಿತ್ತು. ಈಗಿನ ಸಾಫ್ಟ್‌ವೇರ್ ಧ್ವನಿಯನ್ನು ಸೆಕೆಂಡಿನ ನೂರರ ಕೆಲವೇ ಭಾಗದಷ್ಟು ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊಂದಿಸಿ ಉದ್ದ ಮಾಡುವುದರಿಂದ ಶ್ರುತಿ ಕೆಡುವುದಿಲ್ಲ. ಯೂಟ್ಯೂಬಿನಲ್ಲಿ 0.75ಕ್ಕೆ ಇಟ್ಟರೆ ಪ್ರವಚನ ಹಿತವಾಗಿಯೇ ಕೇಳುತ್ತದೆ. 0.5ಕ್ಕೆ ಇಳಿಸಿದರೆ ಪ್ರವಚನಕಾರರು ನಿದ್ದೆಗಣ್ಣಿನಲ್ಲಿದ್ದಾರೇನೋ ಎನಿಸುತ್ತದೆ.

ನನಗೆ ದಾರಿ ತೋರಿಸಿದವರು ತಂದೆಯವರೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಶಾರ್ಟ್‌ವೇವ್ ರೇಡಿಯೋದಲ್ಲಿ ವಾಯ್ಸ್ ಆಫ್ ಅಮೆರಿಕಾದ ಸ್ಪೆಷಲ್ ಇಂಗ್ಲಿಷ್ ಕಾರ್ಯಕ್ರಮ ಕೇಳಿ ಇಂಗ್ಲಿಷನ್ನು ಸುಧಾರಿಸಿಕೊಂಡಿದ್ದರು. 1959ರಲ್ಲಿ ಆರಂಭವಾದ ಆ ಪ್ರಸಾರದಲ್ಲಿ ಸುಮಾರು 1,500 ಪದಗಳಷ್ಟೇ ಬಳಕೆಯಲ್ಲಿದ್ದವು, ವಾಕ್ಯಗಳು ಚಿಕ್ಕವಾಗಿದ್ದವು, ಓದುವ ವೇಗ ಮಾಮೂಲಿನ ಮೂರನೆಯ ಎರಡು ಭಾಗದಷ್ಟಿತ್ತು. "ಅವರು ನಿನ್ನ ಹಾಗೆ ಎಳೀತಿರಲಿಲ್ಲ ಕಣಮ್ಮಾ, ನಿಂತು ನಿಂತು ಹೇಳೋರು" ಎಂದರು.

ಅಂದಿನಿಂದ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಎದುರಿಗೆ ಕುಳಿತು, ಟಿವಿ ಆರಿಸಿ, ಮಾತನ್ನು ತುಂಡು ಮಾಡಿ, ಒಂದೊಂದು ತುಂಡಿನ ನಂತರ ಒಂದು ಉಸಿರಿನಷ್ಟು ಬಿಡುವು ಕೊಡುತ್ತೇನೆ. ಇದಕ್ಕಿಂತ ಕಷ್ಟವಾದದ್ದು ವಾಕ್ಯದ ಕೊನೆ. ನಮ್ಮ ಕ್ರಿಯಾಪದವೂ ನಿಷೇಧವೂ ಬರುವುದು ಅಲ್ಲಿ, ನಮ್ಮ ದನಿ ಇಳಿಯುವುದೂ ಅಲ್ಲೇ. "ಈ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತಗೋಬಾರದು" ಎಂದರೆ ಅವರಿಗೆ ಕೇಳಿಸುತ್ತಿದ್ದುದು "ಖಾಲಿ ಹೊಟ್ಟೆಯಲ್ಲಿ ತಗೋ" ಎಂಬಷ್ಟೇ. ಆದ್ದರಿಂದ ಈಗ "ಊಟ ಆಗಲಿ. ಆಮೇಲೆ ಮಾತ್ರೆ" ಎನ್ನುತ್ತೇನೆ.

ಪರದೇಶದಲ್ಲಿರುವ ತಮ್ಮನ ವಾಟ್ಸಾಪ್ ಧ್ವನಿಸಂದೇಶಗಳ ಸಮಸ್ಯೆ ಮಾತ್ರ ಬಗೆಹರಿದಿಲ್ಲ. ಒಂದೂವರೆ ಪಟ್ಟು, ಎರಡು ಪಟ್ಟು ಓಡಿಸುವುದಕ್ಕೆ ಅಲ್ಲಿ ಗುಂಡಿಯಿದೆ, ನಿಧಾನಿಸುವುದಕ್ಕೆ ಇಲ್ಲ. ಹೀಗಾಗಿ ಭಾನುವಾರ ಬೆಳಗ್ಗೆ ಅವನು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಾನು ಮೊದಲು ಕೇಳಿಸಿಕೊಂಡು, ಕಾಫಿ ಲೋಟ ತಂದೆಯವರ ಕೈಗಿತ್ತು, ನಿಂತು ನಿಂತು ಮತ್ತೊಮ್ಮೆ ಹೇಳುತ್ತೇನೆ.